ದೇವೇಂದ್ರಪ್ಪನವರ ಜಪಾನು

ದೇವೇಂದ್ರಪ್ಪನವರು ಜಪಾನಿನಲ್ಲಿ ಇದ್ದದ್ದು ಒಟ್ಟು ಒಂಬತ್ತು ದಿನ. ಆ ಒಂಬತ್ತು ದಿನಗಳನ್ನು ನಾವು ಒಂದು ವರ್ಷದಿಂದ ಅನುಭವಿಸುತ್ತಿದ್ದೆವು.

ಅವರು ಹೋದದ್ದು ಎರಡು ಸಾವಿರನೇ ಇಸವಿಯ ಏಪ್ರಿಲ್‌ನಲ್ಲಿ. ಕಂಪನಿಯ ಹೆಸರಿನ ಕೊನೆಗೆ ಡಾಟ್ ಕಾಮ್ ಅಂತಿದ್ದರೆ ಸಾಕು, ಬಿಸಿನೆಸ್ ಕ್ಲಾಸಿನ ಟಿಕೆಟ್ಟು ತಾನಾಗಿಯೇ ಮನೆ ಬಾಗಿಲಿಗೆ ಬರುತ್ತಿದ್ದ ಕಾಲ ಅದು. ಅವರ ಕಂಪನಿ ಏನು ಮಾಡುತ್ತದೆ ಎಂದು ಕೇಳಿದರೆ 'ಬಿ ಟು ಬಿ' ಎನ್ನುತ್ತಿದ್ದರು. ಅಂದರೇನು ಎಂದು ಮತ್ತೆ ಕೇಳಿದವರನ್ನು ಕನಿಕರದಿಂದ ನೋಡುತ್ತಿದ್ದರು. ಆ ಬಿ ಟು ಬಿ ಅವರನ್ನು ನಾಲ್ಕು ದಿನದ ಮೀಟಿಂಗಿಗೆ ಟೋಕಿಯೋಗೆ ಕಳಿಸಿತು. ಜೊತೆಗೆ ಹೆಂಡತಿ ಉಮಾಶ್ರೀಯವರನ್ನೂ ಕರೆದುಕೊಂಡು ಹೋಗಿ, ಮೀಟಿಂಗು ಮುಗಿಸಿ, ಐದು ದಿನ ಕ್ಯೋಟೋದಲ್ಲಿ ಚೆರ್ರಿ ಹೂವು ನೋಡಿ ಬಂದರು.

ಬಂದವರು ಬೇರೆಯೇ ಮನುಷ್ಯ. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನು ಜಪಾನೀಯರಿಂದ ಕಲಿತೆ ಎಂದು ಹೇಳತೊಡಗಿದರು. ಹುಟ್ಟಿ ಬೆಳೆದ ಗದಗಿನ ಮನೆಯಲ್ಲಿ ಇವರು ಬೂಟು ಹಾಕಿಕೊಂಡೇ ದೇವರ ಕೋಣೆಗೆ ಹೋಗುತ್ತಿದ್ದರೋ ಏನೋ. "ಅಲ್ಲಿ ಮಂದಿ ನೆಲದ ಮ್ಯಾಲೇ ಕೂತು ಊಟಾ ಮಾಡ್ತಾರ್ರಿ, ರಾತ್ರಿ ನೆಲದ ಮ್ಯಾಲೇ ಹಾಸಿಗಿ ಹಾಸ್ಕೋತಾರ್ರಿ, ಮುಂಜಾನೆ ಸುತ್ತಿ ಇಡ್ತಾರ್ರಿ" ಎಂದು ಕಣ್ಣರಳಿಸಿ ಹೇಳುತ್ತಿದ್ದರು. ಹತ್ತನೇ ಕ್ಲಾಸಿನವರೆಗೆ ಚಾಪೆ ಸುತ್ತಿಟ್ಟು ಶಾಲೆಗೆ ಹೋದ ನಾವೆಲ್ಲ ಬೆರಗಾಗಿ ಕೇಳಬೇಕಿತ್ತು. ಡಾಲರಿಗಾಗಿ ನಾವೆಲ್ಲ ಬಂದು ಸೇರಿದ ಈ ದೇಶದಲ್ಲಿ, ಲಾಸ್ ಗ್ಯಾಟೋಸ್‌ನ ಅವರ ಮನೆಗೆ ಹೋದರೆ ಹಾಲಿಲ್ಲದ, ಸಕ್ಕರೆಯಿಲ್ಲದ, ಹುಲ್ಲಿನ ಬಣ್ಣದ ಚಹಾ ಕೊಡುತ್ತಿದ್ದರು. ನಮಸ್ಕಾರ ಎಂದರೆ ನಡು ಬಗ್ಗಿಸುತ್ತಿದ್ದರು. ಒಮ್ಮೆ ಅವರು ಜೋಳದ ರೊಟ್ಟಿಯನ್ನು ಎರಡು ಕಡ್ಡಿಗಳಲ್ಲಿ ಹಿಡಿಯಲು ಹೆಣಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇವೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಸ್ಲೈಡುಗಳು. ಪ್ರೊಜೆಕ್ಟರಿನ ಗುಂಡನೆಯ ತಟ್ಟೆಯೊಂದರಲ್ಲಿ ಎಂಬತ್ತು ಸ್ಲೈಡು ಕೂರುತ್ತವೆ. ಅವರ ಹತ್ತಿರ ಅಂಥ ಮೂರು ತಟ್ಟೆಗಳಿದ್ದವು. ಸತ್ಯನಾರಾಯಣ ಪೂಜೆಗೆ ಕರೆದು ತೋರಿಸಿದರು. ದೀಪಾವಳಿಗೆ ಕರೆದು ತೋರಿಸಿದರು. ಮಗನ ಹುಟ್ಟುಹಬ್ಬಕ್ಕೆ ಬಂದ ಮಕ್ಕಳನ್ನೂ ಬಿಡಲಿಲ್ಲ. ಗೋಡೆಗೆ ಬೆಡ್‌ಶೀಟು ಕಟ್ಟಿ, ದೀಪ ಆರಿಸಿ, 'ಟಕ್' ಎಂದು ಒಂದೊಂದೇ ಮುಂದೆ ತಳ್ಳುತ್ತಿದ್ದರು. ಗುಡಿ, ಗುಡಿಯ ಬಾಗಿಲು, ಗುಡಿಯ ಬಾಗಿಲ ಮುಂದೆ ಓವರ್‌ಕೋಟಿನಲ್ಲಿ ನಡುಗುತ್ತಿರುವ ಉಮಾಶ್ರೀ. ಕೊನೆಗೆ ಹೂವು. ಹೂವು ಬಂತೆಂದರೆ ಊಟಕ್ಕೆ ಇನ್ನು ಇಪ್ಪತ್ತು ನಿಮಿಷ ಎಂದು ಎಲ್ಲರಿಗೂ ಗೊತ್ತಿತ್ತು.

ಎರಡು ಸಾವಿರದ ಒಂದರ ಫೆಬ್ರವರಿಯಲ್ಲಿ ಬಿ ಟು ಬಿ ಮುಚ್ಚಿತು. ಜಪಾನು ಮಾತ್ರ ಮುಚ್ಚಲಿಲ್ಲ.

ಆ ಏಪ್ರಿಲ್‌ನಲ್ಲಿ ಕ್ಯಾಂಪ್‌ಬೆಲ್‌ನ ಒಂದು ಹಾಲ್‌ನಲ್ಲಿ ನಮ್ಮ ಕನ್ನಡದವರ ಯುಗಾದಿ ಕಾರ್ಯಕ್ರಮ. ನಮ್ಮ ಯುಗಾದಿ ಪಂಚಾಂಗ ನೋಡಿ ಬರುವುದಿಲ್ಲ, ಹಾಲ್ ಖಾಲಿ ಇರುವ ಶನಿವಾರ ನೋಡಿ ಬರುತ್ತದೆ. ಮಧ್ಯಾಹ್ನ ಎರಡರಿಂದ ಆರರವರೆಗೆ ಬಾಡಿಗೆ. ಆರು ಹೊಡೆದರೆ ಬೀಗದವನು ಬಂದು ದೀಪ ಆರಿಸುತ್ತಾನೆ, ಒಳಗೆ ದೇವರೇ ಇರಲಿ.

ಆ ಕಾರ್ಯಕ್ರಮದಲ್ಲಿ ನನಗೆ ಬೇಕಿದ್ದದ್ದು ಹತ್ತೇ ಹತ್ತು ನಿಮಿಷ. ನನಗಲ್ಲ, ನನ್ನ ಗಂಡನ ತಾಯಿ, ಅತ್ತೆ ತಾಯಮ್ಮನವರಿಗೆ. ಮಳವಳ್ಳಿ ಕಡೆಯ ಹಳ್ಳಿಯಿಂದ ಆರು ತಿಂಗಳಿಗೆಂದು ಮಿಲ್ಪಿಟಾಸ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿದ್ದರು. ವೀಸಾ ಮುಗಿಯುತ್ತಿತ್ತು, ಮಂಗಳವಾರ ವಿಮಾನ. ಅತ್ತೆ ಸೋಬಾನೆ ಹಾಡುವವರು. ನನ್ನ ಮದುವೆಯಲ್ಲಿ ಮೈಕು ಕೆಟ್ಟುಹೋಗಿ ಛತ್ರದವನು ಕೈಚೆಲ್ಲಿ ಕುಳಿತಾಗ ಈಯಮ್ಮ ಎದ್ದು ನಿಂತು ಒಂದೂವರೆ ಗಂಟೆ ಹಾಡಿದ್ದರು. ಅಡುಗೆಯವರು ಸೌಟು ಹಿಡಿದುಕೊಂಡು ಹೊರಗೆ ಬಂದು ಕೇಳಿದ್ದರು. ಅಂಥ ದನಿಯನ್ನು ಈ ಊರಿನವರು ಒಮ್ಮೆ ಕೇಳದೆ ಹೋದರೆ ನನಗೆ ತಿಂದದ್ದು ಅರಗುವುದಿಲ್ಲ ಎಂದು ತೀರ್ಮಾನ ಮಾಡಿದ್ದೆ. ಆಫೀಸಿನವರಿಗೂ ಹೇಳಿಟ್ಟಿದ್ದೆ.

ಕಾರ್ಯದರ್ಶಿ ಜಯರಾಮ್ ಅವರ ಹಿಂದೆ ಆರು ವಾರ ಅಲೆದೆ. ಅವರು ಹತ್ತು ನಿಮಿಷ ಕೊಟ್ಟರು. ಕೊಟ್ಟದ್ದು ಎಲ್ಲಿ? ಪಟ್ಟಿಯಲ್ಲಿ ಕಟ್ಟಕಡೆಗೆ, ದೇವೇಂದ್ರಪ್ಪನವರ 'ಜಪಾನಿನ ವಸಂತ' ಆದ ಮೇಲೆ.

"ಅವ್ರಿಗೆ ಯಾಕ್ರೀ ಮತ್ತೆ ಕೊಟ್ರಿ? ಇಡೀ ಊರೇ ನೋಡಿದೆ" ಎಂದೆ.

"ಪಾಪ, ಕೆಲಸ ಹೋಗಿದೆ ಮೇಡಂ. ಮನೇಲಿ ಸುಮ್ನೆ ಕೂತಿದಾರೆ. ಬರೀ ಇಪ್ಪತ್ತು ನಿಮಿಷ ಅಂತ ಹೇಳಿದೀನಿ."

ಕೆಲಸ ಹೋದವರಿಗೆಲ್ಲ ಇಪ್ಪತ್ತಿಪ್ಪತ್ತು ನಿಮಿಷ ಕೊಟ್ಟರೆ ಆ ವರ್ಷ ಯುಗಾದಿ ದಸರೆಯವರೆಗೆ ನಡೆಯಬೇಕಿತ್ತು. ಹಾಗಂತ ಬಾಯಿಬಿಟ್ಟು ಹೇಳಲಿಲ್ಲ.

ಶನಿವಾರ ಬಂತು. ಅತ್ತೆ ಹಸಿರು ಸೀರೆ ಉಟ್ಟು ಮೂರನೇ ಸಾಲಿನಲ್ಲಿ ನನ್ನ ಪಕ್ಕ ಕೈಕಟ್ಟಿ ಕುಳಿತರು. ನನ್ನ ಇನ್ನೊಂದು ಪಕ್ಕ ಗಂಡ ಸಿದ್ದರಾಜು. ಸ್ವಾಗತ ಭಾಷಣ ಅರ್ಧ ಗಂಟೆ. ಮಕ್ಕಳ ವೇಷಭೂಷಣದಲ್ಲಿ ನಾಲ್ಕು ಜನ ಬಸವಣ್ಣ, ಒಬ್ಬ ಬ್ಯಾಟ್‌ಮ್ಯಾನ್. ಅಳುವ ಬಸವಣ್ಣನನ್ನು ವೇದಿಕೆಯಿಂದ ಇಳಿಸುವುದಕ್ಕೆ ಇನ್ನೊಂದು ಕಾಲು ಗಂಟೆ. ದೇವೇಂದ್ರಪ್ಪನವರು ಮೈಕಿನ ಮುಂದೆ ನಡು ಬಗ್ಗಿಸಿ ನಿಂತಾಗ ನಾಲ್ಕೂ ಮುಕ್ಕಾಲು. ಇಪ್ಪತ್ತು ನಿಮಿಷವಾದರೆ ಐದೂ ಐದು ಎಂದು ನಾನು ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡೆ.

ಐದೂ ಐದಕ್ಕೆ ಅವರು ಇನ್ನೂ ವಿಮಾನ ನಿಲ್ದಾಣದಿಂದ ಹೊರಗೆ ಬಂದಿರಲಿಲ್ಲ.

"ಇದು ನೋಡ್ರಿ, ಟ್ಯಾಕ್ಸಿ. ಬಾಗಲಾ ತಾನ ತೆಗೀತೈತಿ. ನಾವು ಮುಟ್ಟೂಹಂಗಿಲ್ಲ." ಟಕ್. "ಇದು ಅದೇ ಟ್ಯಾಕ್ಸಿ. ಈಗ ಬಾಗಲಾ ಮುಚ್ಚೈತಿ."

ಐದೂಕಾಲಕ್ಕೆ ಮೊದಲನೇ ಗುಡಿ. ಐದೂವರೆಗೆ ಚಹಾ ಮಾಡುವ ಹೆಂಗಸು ಬಟ್ಟಲನ್ನು ಮೂರು ಸಲ ತಿರುಗಿಸಿದ್ದರ ಮೂರು ಸ್ಲೈಡು. ನಾನು ಜಯರಾಮ್ ಕಡೆ ನೋಡಿ ಗಡಿಯಾರ ತೋರಿಸಿದೆ. ಅವರು ಎರಡೂ ಕೈ ಎತ್ತಿ ನಾನೇನು ಮಾಡಲಿ ಎನ್ನುವಂತೆ ಆಡಿಸಿದರು. ಸಿದ್ದರಾಜು ನನ್ನ ಮೊಣಕೈ ಹಿಡಿದು, "ಸುಮ್ನಿರೇ ಮಾರಾಯ್ತಿ" ಎಂದ. ಇಪ್ಪತ್ತು ವರ್ಷ ಆದಮೇಲೂ ಈ ಮನುಷ್ಯನಿಗೆ ಬರುವ ಮಾತು ಇದೊಂದೇ ಇರುತ್ತದೆಂದು ನನಗೆ ಆಗಲೇ ಗೊತ್ತಿತ್ತು.

ಐದೂ ಮೂವತ್ತೈದಕ್ಕೆ ಹೂವು ಬಂತು.

ಈ ಸಲ ಬೆಡ್‌ಶೀಟಲ್ಲ, ಹಾಲ್‌ನ ದೊಡ್ಡ ಪರದೆ. ಗುಲಾಬಿ ಬಣ್ಣದ ಹೂವಿನ ಮರ, ಅದರ ಕೆಳಗೆ ಸಣ್ಣ ಕೊಳ, ಕೊಳದ ಪಕ್ಕ ಹಳದಿ ಇಳಕಲ್ ಸೀರೆಯಲ್ಲಿ ಉಮಾಶ್ರೀ. "ಇದು ನೋಡ್ರಿ ಕ್ಯೋಟೋ. ಇದು ಭೂಮಿ ಮ್ಯಾಲಿಂದಲ್ಲ" ಎಂದರು ದೇವೇಂದ್ರಪ್ಪ. ನಾನು ಆ ಕೊಳವನ್ನು ಎಲ್ಲೋ ನೋಡಿದ್ದೆ. ಹಿಂದಿನ ಶನಿವಾರ ಅತ್ತೆಯನ್ನು ಸಾರಾಟೋಗದ ಬೆಟ್ಟದ ಮೇಲಿರುವ ಜಪಾನೀ ತೋಟಕ್ಕೆ ಕರೆದುಕೊಂಡು ಹೋಗಿದ್ದೆವು. ಮನೆಯಿಂದ ಅರ್ಧ ಗಂಟೆ ದಾರಿ. ಅದೇ ಕೊಳ, ಅದೇ ಬಗ್ಗಿದ ಸೇತುವೆ. ಕಣ್ಣು ಕಿರಿದು ಮಾಡಿ ನೋಡಿದೆ. ಮೂಲೆಯಲ್ಲಿ ಒಂದು ಸಣ್ಣ ಫಲಕ. ಬೆಡ್‌ಶೀಟಿನ ಮೇಲೆ ಅದು ಬರೀ ಬಿಳಿ ಚುಕ್ಕೆಯಾಗಿ ಕಾಣುತ್ತಿತ್ತು. ಈಗ ಓದುವಷ್ಟು ದೊಡ್ಡದಾಗಿತ್ತು: ಮೀನುಗಳಿಗೆ ಆಹಾರ ಹಾಕಬೇಡಿ ಎಂದು ಇಂಗ್ಲಿಷಿನಲ್ಲಿ, ಕೆಳಗೆ ಫೋನ್ ನಂಬರು.

ಒಂದು ವರ್ಷ. ಮೂರು ಸಲ ನೋಡಿ 'ಅಬ್ಬಾ' ಅಂದಿದ್ದೆ ಈ ಹೂವಿಗೆ. ಅತ್ತೆಯ ಹತ್ತು ನಿಮಿಷವನ್ನು ತಿನ್ನುತ್ತಿದ್ದದ್ದು ಇದು. ಎದ್ದು ನಿಂತೆ. ಸಿದ್ದರಾಜು ಸೆರಗು ಜಗ್ಗಿದ. ಬಿಡಿಸಿಕೊಂಡೆ.

"ದೇವೇಂದ್ರಪ್ಪನವ್ರೇ, ಒಂದು ಡೌಟು. ಕ್ಯೋಟೋಗೂ ಫೋರ್ ಜೀರೋ ಏಟೇನಾ ಏರಿಯಾ ಕೋಡು?"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಸಾಲಿನವನೊಬ್ಬ ಫಲಕ ಓದಿ ಗೊಳ್ಳೆಂದ. ಆ ಹಾಲ್‌ನಲ್ಲಿದ್ದ ಎಲ್ಲರ ಮನೆಯ ಫೋನೂ ಅದೇ ಮೂರು ಅಂಕಿಯಿಂದ ಶುರುವಾಗುತ್ತಿತ್ತು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. "ಸಾರಾಟೋಗಕ್ಕೆ ಬಿಸಿನೆಸ್ ಕ್ಲಾಸಲ್ಲಿ ಹೋದ್ರಾ ಸಾರ್?" ಎಂದ ಒಬ್ಬ. "ವೀಸಾ ಸಿಕ್ತಾ?" ಎಂದ ಇನ್ನೊಬ್ಬ. ಒಂದು ವರ್ಷ ಹುಲ್ಲಿನ ಚಹಾ ಕುಡಿದ ಜನ, ಸುಮ್ಮನೆ ಬಿಡುತ್ತಾರೆಯೇ? ನಾನು ಗೆದ್ದು ಕುಳಿತೆ. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಗಿತ್ತು.

ದೇವೇಂದ್ರಪ್ಪನವರು ರಿಮೋಟು ಹಿಡಿದುಕೊಂಡು ನಿಂತೇ ಇದ್ದರು. ಮುಂದಕ್ಕೆ ಒತ್ತಲಿಲ್ಲ, ಆರಿಸಲೂ ಇಲ್ಲ. ಅವರ ಶರಟಿನ ಮೇಲೆಲ್ಲ ಗುಲಾಬಿ ಬೆಳಕು ಬಿದ್ದಿತ್ತು. ಮೊದಲ ಸಾಲಿನಿಂದ ಉಮಾಶ್ರೀ ಎದ್ದರು. ನಾನು ಅವರ ಬಾಯಿಂದ ಜಪಾನಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಗಂಡ ಮಾತು ಬಿಟ್ಟುಕೊಟ್ಟರೆ ತಾನೇ.

"ಅವರದೇನೂ ತಪ್ಪಿಲ್ರಿ" ಎಂದರು. "ಕ್ಯಾಮೆರಾದಾಗ ರೋಲು ಹಾಕಿದಾಕಿ ನಾನು. ಅದು ಒಳಗಿನ ಚಕ್ರದ ಹಲ್ಲಿಗೆ ಸಿಗ್ಲೇ ಇಲ್ಲ, ಮುಂದ ಸರೀಲೇ ಇಲ್ಲ. ಮೂವತ್ತಾರು ತೆಗದ್ರು, ಒಂದೂ ಬಂದಿದ್ದಿಲ್ಲ. ಹೂವಿನ ರೋಲೇ ಅದು. ಇಲ್ಲಿ ಬಂದು ತೊಳಿಸಿದಾಗ ಪೂರಾ ಖಾಲಿ. ನಾ ಎರಡು ದಿನಾ ಅತ್ಕೋತ ಕೂತಿದ್ದೆ. ಅಳಬ್ಯಾಡ, ನಡಿ, ಸೀರಿ ಉಟ್ಕೋ ಅಂತ ಹೇಳಿ ಸಾರಾಟೋಗಕ್ಕ ಕರ್ಕೊಂಡು ಹೋದ್ರು. ಫೋಟೋ ಇಲ್ಲಂದ್ರ ನಾವು ಅಲ್ಲಿ ಹೋಗಿದ್ವಿ ಅಂತ ಯಾರು ನಂಬ್ತಾರ್ರಿ?"

ಅದು ನಿಜವೇ. ನಮ್ಮಲ್ಲಿ ಫೋಟೋ ಇಲ್ಲದ ಪ್ರವಾಸಕ್ಕೆ ಬೆಲೆಯಿಲ್ಲ. ನಯಾಗರಕ್ಕೆ ಹೋದವರು ಬೆನ್ನು ತಿರುಗಿಸಿ ನಿಂತು ಫೋಟೋ ತೆಗೆಸಿಕೊಂಡು, ನೀರನ್ನು ಮನೆಗೆ ಬಂದ ಮೇಲೆ ನೋಡುತ್ತಾರೆ. ನಾವೂ ಹಾಗೇ ಮಾಡಿದ್ದೆವು. ನಗು ತನ್ನಷ್ಟಕ್ಕೆ ನಿಂತಿತು. ನಾನು ನನ್ನ ಬಳೆ ನೋಡಿಕೊಂಡು ಕುಳಿತೆ.

ಜಯರಾಮ್ ಇದೇ ಸಂದು ಎಂದು ವೇದಿಕೆಗೆ ಹಾರಿದರು. "ಧನ್ಯವಾದಗಳು ಸಾರ್, ತುಂಬಾ ಚೆನ್ನಾಗಿತ್ತು. ಮುಂದಿನ ಐಟಮ್ಮು, ಶ್ರೀಮತಿ ತಾಯಮ್ಮನವರಿಂದ ಸೋಬಾನೆ ಪದ." ಹಾಲ್‌ನ ದೀಪ ಹತ್ತಿತು. ಇನ್ನೂ ಇಪ್ಪತ್ತು ನಿಮಿಷವಿತ್ತು. ಹತ್ತು ಕೇಳಿದ್ದೆ, ಇಪ್ಪತ್ತು ಸಿಕ್ಕಿತ್ತು. ಏಳಿ ಅತ್ತೆ ಎಂದು ತೋಳು ಹಿಡಿದು ಎಬ್ಬಿಸಿದೆ.

ಅತ್ತೆ ನಿಧಾನವಾಗಿ ಮೆಟ್ಟಿಲು ಹತ್ತಿದರು. ಮೈಕನ್ನು ಸೌಟು ಹಿಡಿದಂತೆ ಹಿಡಿದುಕೊಂಡರು. ಸಭೆಯ ಕಡೆ ನೋಡಲಿಲ್ಲ. ವೇದಿಕೆಯ ಕೆಳಗೆ ವೈರು ಸುತ್ತುತ್ತಿದ್ದ ದೇವೇಂದ್ರಪ್ಪನವರ ಕಡೆ ತಿರುಗಿದರು.

"ಅಪ್ಪಾ, ಆ ಹೂವ ಹೆಂಗಿತ್ತು ಹೇಳಪ್ಪ."

ದೇವೇಂದ್ರಪ್ಪ ತಲೆ ಎತ್ತಿದರು. "ಫೋಟೋ ಇಲ್ರಿ ಯವ್ವಾ ಅವು."

"ಫೋಟ ಯಾಕೆ? ನೀನು ಕಣ್ಣಲ್ಲಿ ನೋಡಿದ್ದೀಯಲ್ಲ. ನಾನು ಮಂಗಳವಾರ ಊರಿಗೆ ಹೋಯ್ತೀನಿ. ನಮ್ಮೂರಲ್ಲಿ ಯಾರೂ ಆ ದೇಶ ನೋಡಿಲ್ಲ. ಕೇಳಿದ್ರೆ ಹೇಳೋಕೆ ಬೇಕಲ್ಲ."

ನನಗೆ ತಲೆ ಕೆಟ್ಟಿತು. ಅತ್ತೆ, ಹಾಡಿ, ಹಾಡಿ ಎಂದು ಕುಳಿತಲ್ಲಿಂದಲೇ ಬಾಯಾಡಿಸಿದೆ. ಅವರು ನೋಡಿದರೆ ತಾನೇ.

ದೇವೇಂದ್ರಪ್ಪನವರು ವೇದಿಕೆಗೆ ಹತ್ತಲಿಲ್ಲ. ವೈರು ಕೈಯಲ್ಲೇ ಇತ್ತು. ಅಲ್ಲೇ ನಿಂತು, ಅತ್ತೆಯೊಬ್ಬರಿಗೇ ಹೇಳುವಂತೆ ಶುರು ಮಾಡಿದರು.

"ಒಂದು ಸಣ್ಣ ಕಾಲುವಿ ಐತ್ರಿ ಯವ್ವಾ. ಎರಡೂ ಕಡೆ ಗಿಡ. ಒಂದೂ ಎಲಿ ಇಲ್ಲ, ಬರೇ ಹೂವು. ನಾವು ಹೋದ ದಿನಾ ಗಾಳಿ ಬಿಟ್ಟಿತ್ತು. ನೀರೇ ಕಾಣ್ತಿದ್ದಿಲ್ಲ, ಅಷ್ಟು ಹೂವು ಬಿದ್ದಿತ್ತು ಮ್ಯಾಲೆ. ನಾವು ಪೇಪರ್ ಹಾಸ್ಕೊಂಡು ಕೂತ್ವಿ. ಇಕಿ ಚಪಾತಿ, ಶೇಂಗಾ ಚಟ್ನಿ ಕಟ್ಕೊಂಡು ಬಂದಿದ್ಲು. ಬಾಜೂಕ ಆಫೀಸಿನ ಮಂದಿ, ಟೈ ಹಾಕ್ಕೊಂಡು, ಕುಡದು ಹಾಡ್ತಿದ್ರು. ಒಬ್ಬಾಂವ ನಮಗ ಅನ್ನದ ಉಂಡಿ ಕೊಟ್ಟ. ಇಕಿ ಅವಂಗ ಚಟ್ನಿ ಕೊಟ್ಲು. ಅವಾ ತಿಂದು ಅತ್ತೇ ಬಿಟ್ಟ ನೋಡ್ರಿ. ಕಣ್ಣಾಗ ನೀರು, ಮೂಗಿನಾಗ ನೀರು. ಆದ್ರೂ ಬಗ್ಗಿ ಬಗ್ಗಿ ನಮಸ್ಕಾರ ಮಾಡ್ತಿದ್ದ. ಇನ್ನೊಂದಿಷ್ಟು ಬೇಕು ಅಂತ ಕೈ ಮುಂದ ಮಾಡ್ದ."

ಜನ ನಕ್ಕರು. ಈ ಸಲದ ನಗು ಬೇರೆಯಿತ್ತು. ಉಮಾಶ್ರೀಯೂ ಕಣ್ಣೊರೆಸಿಕೊಂಡು ನಕ್ಕರು.

"ಆ ಮರ ಕಾಯಿ ಬುಡ್ತದಾ?" ಎಂದರು ಅತ್ತೆ.

"ಇಲ್ರಿ. ಬರೇ ಹೂವು. ಅದೂ ಒಂದು ವಾರ. ಆಮ್ಯಾಲೆ ಎಲ್ಲಾ ಉದುರಿ ಹೋಗ್ತೈತಿ."

"ಕಾಯಿ ಬುಡದ ಮರ ನೋಡಕ್ಕೆ ಅಷ್ಟು ಜನ ಬತ್ತಾರಾ?"

"ಬರ್ತಾರ್ರಿ ಯವ್ವಾ. ಒಬ್ಬಾಕಿ ಮುದುಕಿ ಬಂದಿದ್ಲು. ಗಂಡನ್ನ ಗಾಲಿ ಕುರ್ಚ್ಯಾಗ ತಳ್ಕೊಂಡು. ಅವಂಗ ಕಣ್ಣು ಕಾಣ್ತಿದ್ದಿಲ್ಲ. ಹೂವಿನ ಗಿಡದ ಬುಡಕ ನಿಲ್ಲಿಸಿ, ಗದ್ದ ಹಿಡದು ಅವನ ಮುಖಾ ಮ್ಯಾಲಕ್ಕ ಎತ್ತಿದ್ಲು. ಗಾಳಿ ಬಂತು. ಮಾರಿ ತುಂಬಾ ಹೂವು ಬಿತ್ತು. ಆಕಿ ಅವನ್ನ ಒರಸಲಿಲ್ರಿ. ಹಂಗ ಬಿಟ್ಲು. ನಾನು ಕ್ಯಾಮೆರಾ ಎತ್ತಿ ಒತ್ತಿದೆ. ಬಂದೈತಿ ಅಂತ ತಿಳ್ಕೊಂಡಿದ್ದೆ."

ಕೆಲಸ ಹೋದ ಮನುಷ್ಯ, ವೈರಿನ ಸುರುಳಿ ಎದೆಗೊತ್ತಿಕೊಂಡು ನಿಂತುಬಿಟ್ಟರು. ಎರಡು ನೂರ ನಲವತ್ತು ಸ್ಲೈಡಿನಲ್ಲಿ ನಾನು ನೋಡದ ಜಪಾನನ್ನು ಆಗ ನೋಡಿದೆ ಎಂದು ಒಪ್ಪಿಕೊಳ್ಳಲು ನನಗೆ ಈಗಲೂ ಸಿಟ್ಟು ಬರುತ್ತದೆ. ಅತ್ತೆ ಇನ್ನೂ ಕೇಳಿದರು. ಅಲ್ಲಿ ಹೆಂಗಸರು ಏನು ಉಡುತ್ತಾರೆ, ಹಸು ಇದ್ದಾವಾ, ಅನ್ನಕ್ಕೆ ಏನು ಕಲಸಿಕೊಳ್ಳುತ್ತಾರೆ, ಮುದುಕಿ ಮತ್ತೆ ಸಿಕ್ಕಳಾ. ಉಮಾಶ್ರೀ ಪಕ್ಕದಲ್ಲಿ ಬಂದು ನಿಂತು, ಗಂಡ ಮರೆತದ್ದನ್ನು ಸೇರಿಸಿದರು. ಆರಕ್ಕೆ ಸರಿಯಾಗಿ ಬೀಗದವನು ಬಂದು ಬೀಗದ ಕೈ ಗೊಂಚಲು ಕುಲುಕಿದ.

"ಅತ್ತೆಯವ್ರ ಹಾಡು ಮುಂದಿನ ಯುಗಾದಿಗೆ ಗ್ಯಾರಂಟಿ ಮೇಡಂ" ಎಂದು ಜಯರಾಮ್ ಕುರ್ಚಿ ಮಡಿಸುತ್ತಾ ಹೇಳಿದರು. ಅತ್ತೆಗೆ ಎಪ್ಪತ್ತೊಂದು. ಮತ್ತೆ ಹದಿನೆಂಟು ಗಂಟೆ ವಿಮಾನದಲ್ಲಿ ಕೂರುವುದಿಲ್ಲ ಎಂದು ಇಳಿದ ದಿನವೇ ಹೇಳಿದ್ದರು.

ಕಾರಿನಲ್ಲಿ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಫ್ರೀವೇ ಹತ್ತುವವರೆಗೆ ಸಿದ್ದರಾಜುವಿಗೆ, ಹತ್ತಿದ ಮೇಲೆ ಅತ್ತೆಗೆ. "ಆರು ವಾರ ಜಯರಾಮ್ ಕಾಲು ಹಿಡಿದಿದೀನಿ ಅತ್ತೆ. ಇಪ್ಪತ್ತು ನಿಮಿಷ ಸಿಕ್ಕಿತ್ತು. ಹಾಡಬೇಕಿತ್ತಲ್ವಾ ನೀವು?"

"ಎಲ್ಲ ಸೇರಿ ಒಬ್ಬನ ಮಾನ ಕಳೆದು ಎಬ್ಬಿಸಿದ ಜಾಗ ಕಣವ್ವ. ಅಲ್ಲಿ ನಿಂತು ಸೋಬಾನೆ ಹೆಂಗೆ ಹೇಳ್ಲಿ?"

"ನಾನು ಮಾಡಿದ್ದು ನಿಮ್ಮ ಹಾಡಿಗೋಸ್ಕರ."

ಹಿಂದಿನ ಸೀಟಿನಿಂದ ಅತ್ತೆ, ಕೋಪವಿಲ್ಲದೆ, ನಿಜವಾಗಿಯೂ ತಿಳಿಯದೆ ಕೇಳಿದರು. "ನನ್ನ ಹಾಡ ಕೇಳ್ಬೇಕು ಅಂತ ನಿಂಗೆ ಆಸೆ ಇತ್ತಾ ಪದ್ಮಜಾ? ಆರು ತಿಂಗಳು ನಿನ್ ಮನೇಲೇ ಇದ್ನಲ್ಲವ್ವ. ಮುದ್ದೆ ತಿರುವುವಾಗ ಬಾಯಿಗೆ ಬಂದ್ರೆ, ಅತ್ತೆ ಮೆಲ್ಲಗೆ, ಆಫೀಸಿನ ಫೋನಲ್ಲಿದೀನಿ ಅಂತಿದ್ದೆ."

ಅಂದಿದ್ದೆ. ಒಂದು ಸಲವಲ್ಲ. ಬೆಂಗಳೂರಿನ ತಂಡದ ಜೊತೆ ದಿನವೂ ಫೋನ್ ಕಾಲ್, ತೆಳು ಗೋಡೆಯ ಅಪಾರ್ಟ್‌ಮೆಂಟು. ಅಡುಗೆಮನೆಯ ಬಾಗಿಲು ಎಳೆದುಕೊಳ್ಳುತ್ತಿದ್ದೆ. ಯಾವಾಗಿನಿಂದ ಆ ಬಾಗಿಲು ಎಳೆಯುವ ಅಗತ್ಯವೇ ಬೀಳದಂತಾಯಿತು ಎಂಬುದು ನನಗೆ ನೆನಪಿಲ್ಲ.

ಸೋಮವಾರ ರಜೆ ಹಾಕಿದೆ. ಫೋನಿನ ವೈರು ಗೋಡೆಯಿಂದ ಕಿತ್ತು, ಅಡುಗೆಮನೆಯಲ್ಲಿ ಅತ್ತೆಯ ಹಿಂದೆ ಹೋಗಿ ನಿಂತೆ. ಅವರು ರಾಗಿ ಹಿಟ್ಟು ಸುರಿದು, ಎರಡು ಕಾಲಿನ ನಡುವೆ ಪಾತ್ರೆ ಒತ್ತಿಹಿಡಿದು, ಕೋಲಿನಿಂದ ತಿರುವತೊಡಗಿದರು. ತುಟಿ ಬಿಗಿಯಾಗಿ ಮುಚ್ಚಿತ್ತು.

"ಇವತ್ತು ಫೋನಿಲ್ಲ ಅತ್ತೆ" ಎಂದೆ. "ಹಾಡಿ."

ಅವರು ಕೋಲು ನಿಲ್ಲಿಸಿ ಒಮ್ಮೆ ಬಾಯಿ ತೆರೆದರು. ಏನೂ ಬರಲಿಲ್ಲ. ಮತ್ತೆ ಮುದ್ದೆಯ ಕಡೆ ಬಗ್ಗಿದರು.

"ಸುಮ್ನಿದ್ದು ಅಭ್ಯಾಸ ಆಗೋಯ್ತು ಕಣವ್ವ" ಎಂದರು.